ವಾರಕ್ಕೆ ಎರಡು ಎಂದು ಬರೆಸಿದವಳು

ರಾಜಗೋಪಾಲನಗರ
ಭಾನುವಾರ, ೯ ಮಾರ್ಚ್ ೨೦೨೫

ನನ್ನ ಸ್ಫೂರ್ತಿಗೆ,

‘ಅಮ್ಮನ ಆಶೀರ್ವಾದಗಳು’ ಎಂದು ಶುರು ಮಾಡಿ ಹೊಡೆದುಹಾಕಿದ್ದೇನೆ. ಇವತ್ತು ಆಶೀರ್ವಾದ ಮಾಡುವ ಮನಸ್ಥಿತಿ ನನ್ನದಲ್ಲ. ಸಿಟ್ಟು ಬಂದಿದೆ. ನಿನ್ನ ಮೇಲಲ್ಲ. ಅದನ್ನು ಮೊದಲೇ ಹೇಳಬೇಕು, ಯಾಕೆಂದರೆ ಈ ಐದು ವರ್ಷದಲ್ಲಿ ಯಾರ ಮುಖ ಗಂಟಾದರೂ ಅದು ತನ್ನಿಂದಲೇ ಎಂದು ನೀನು ಕುಗ್ಗುವುದನ್ನು ನೋಡಿದ್ದೇನೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಮನೆಯಲ್ಲಿ ನಾನು ಫೋನು ಮಾಡಿದಾಗಲೆಲ್ಲ ಸ್ಪೀಕರ್ ಹಾಕುವ ಪದ್ಧತಿ. ನಾನು ‘ಹೇಗಿದ್ದೀಯೇ’ ಎಂದರೆ ನಿನ್ನ ಅತ್ತೆ ಬಸಕ್ಕನವರು ‘ಆರಾಮ ಅದಾಳ್ರಿ ಬೀಗತಿ, ಈ ಸಲ ಆಕ್ಕೈತಿ’ ಎನ್ನುತ್ತಾರೆ. ಅದಕ್ಕೇ ಬೆಳ್ಳಂದೂರಿನ ನಿನ್ನ ಆಫೀಸಿನ ವಿಳಾಸಕ್ಕೆ ಕೊರಿಯರ್ ಮಾಡುತ್ತಿದ್ದೇನೆ. ಊಟದ ಹೊತ್ತಿಗೆ ಒಬ್ಬಳೇ ಕೂತು ಓದು.

ನಿನ್ನೆ ಮಹಿಳಾ ದಿನ. ನೀನು ತೋರಿಸುತ್ತಿರುವ ಆ ಸಂತಾನ ಚಿಕಿತ್ಸಾ ಕೇಂದ್ರದಿಂದ ನನ್ನ ಫೋನಿಗೂ ಒಂದು ಗುಲಾಬಿ ಬಂತು. ಹೆಣ್ಣಿನ ಶಕ್ತಿಗೆ ನಮನವಂತೆ, ಈ ತಿಂಗಳು ಸ್ಕ್ಯಾನಿಂಗಿಗೆ ರಿಯಾಯಿತಿಯಂತೆ. ಅದನ್ನು ನೋಡಿದ ಮೇಲೆ ನನಗೆ ಅನ್ನ ಇಳಿಯಲಿಲ್ಲ. ನಾನು ಎಂಥವಳು ನಿನಗೆ ಗೊತ್ತು. ಕೆರೆಯ ನೊರೆಗೆ ಬೆಂಕಿ ಹತ್ತಿದಾಗ ಏಳು ಪತ್ರ ಬರೆದವಳು. ಪೀಣ್ಯದ ಶೆಡ್ಡುಗಳು ಮೋರಿಗೆ ಆಸಿಡ್ ಬಿಟ್ಟಾಗ ಬಾಟಲಿಯಲ್ಲಿ ಆ ನೀರನ್ನೇ ತುಂಬಿಕೊಂಡು ಅಧಿಕಾರಿಯ ಮೇಜಿನ ಮೇಲೆ ಇಟ್ಟವಳು. ಈಗ ಬರೆಯುವಾಗಲೂ ನಿನ್ನ ಅಪ್ಪ ಪೇಪರಿನ ಹಿಂದಿನಿಂದ ‘ಇವತ್ತು ಯಾರ ಗ್ರಹಚಾರ ಬಿಡಿಸಾಕತ್ತಿ’ ಎಂದು ಕೇಳಿದರು. ಪಾಲಿಕೆಗೆ ಎಂದೆ. ಊರಿನ ಮೋರಿಗೆಲ್ಲ ಪತ್ರ ಬರೆದ ನಾನು ನನ್ನ ಮಗಳಿಗೆ ಒಂದು ಸಾಲು ಬರೆದಿರಲಿಲ್ಲ.

ಸುತ್ತಿ ಬಳಸಿ ಹೇಳುವುದು ಬೇಡ. ಬರುವ ಶುಕ್ರವಾರ ನಿನಗೆ ಮತ್ತೆ ಮಂಪರು ಬರಿಸಿ, ಮತ್ತೆ ಭ್ರೂಣ ಇಡುತ್ತಾರೆ. ನೀನು ಹೋಗಬೇಡ. ಮಗು ಬೇಡ ಎನ್ನುತ್ತಿಲ್ಲ. ನಿನ್ನ ರೋಗ ಬಂಜೆತನವಲ್ಲ ಎನ್ನುತ್ತಿದ್ದೇನೆ.

ನನಗೆ ಹೇಗೆ ಗೊತ್ತು ಎಂದು ಕೇಳುತ್ತೀಯ. ಮೊದಲಿನಿಂದ ಗೊತ್ತಿತ್ತು, ಸ್ಫೂರ್ತಿ. ಮದುವೆಯಾದ ಮೂರನೆಯ ದಿನ, ೨೦೧೯ರ ನವೆಂಬರಿನಲ್ಲಿ, ಬೆಳಿಗ್ಗೆ ಹತ್ತಕ್ಕೆ ನೀನು ಬಾತ್‌ರೂಮಿನಿಂದ ಫೋನು ಮಾಡಿದೆ. ನಲ್ಲಿಯ ಸದ್ದು ಕೇಳುತ್ತಿತ್ತು. ‘ಅಮ್ಮ, ಆಗ್ತಾನೇ ಇಲ್ಲ. ಗೋಡೆ ಇದ್ದ ಹಾಗಿದೆ. ಉರೀತದೆ’ ಎಂದೆ. ನಾನು ಏನೆಂದೆ, ನೆನಪಿದೆಯೇ? ನನಗಿದೆ. ‘ಎಲ್ಲರಿಗೂ ಹಾಗೇ ಕಣೇ, ಹಲ್ಲು ಕಚ್ಚಿಕೊಂಡಿರು, ಸರಿಹೋಗುತ್ತೆ’ ಎಂದೆ. ಆಮೇಲೆ ಮಿಕ್ಸಿ ಬಂತೇ ಎಂದು ವಿಚಾರಿಸಿದೆ. ನೀನು ಬಂತು ಎಂದೆ. ಆ ಮಾತು ಅಲ್ಲಿಗೆ ಮುಗಿಯಿತು. ಇನ್ನೊಂದು ಸಲ ನೀನು ಅದನ್ನು ಎತ್ತಲಿಲ್ಲ. ಎತ್ತಬಾರದು ಎಂದು ನಾನೇ ಕಲಿಸಿದ್ದೆನಲ್ಲ.

ಹಲ್ಲು ಕಚ್ಚು ಎಂಬುದು ನನ್ನ ಸ್ವಂತ ಮಾತೂ ಅಲ್ಲ. ನನ್ನ ಮದುವೆಯ ದಿನ ಹಾವೇರಿಯಲ್ಲಿ ರುಕ್ಮವ್ವ ಚಿಗವ್ವ ನನ್ನ ತಲೆ ಬಾಚುತ್ತ ‘ಹಲ್ಲ ಕಚ್ಚವಾ, ಒಂದ್ ಗಳಿಗಿ, ಮುಗೀತೈತಿ’ ಎಂದಿದ್ದಳು. ಅವಳಿಗೆ ಯಾರು ಹೇಳಿದ್ದರೋ. ಮೂವತ್ತೊಂದು ವರ್ಷದ ನಂತರ, ಬಿ.ಎಸ್ಸಿ., ಬಿ.ಎಡ್. ಮಾಡಿದ ನಾನು ಅದನ್ನೇ ನಿನಗೆ ದಾಟಿಸಿದೆ.

ಮಾರತಹಳ್ಳಿಯ ಆ ಲೇಡಿ ಡಾಕ್ಟರು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದ್ದಾರೆ. ಪರೀಕ್ಷೆ ಮಾಡಲು ಬೆರಳು ತಾಗಿಸುವ ಮೊದಲೇ ನೀನು ಚೀರಿದೆ. ಕಾಲು ಒಂದಕ್ಕೊಂದು ಅಂಟಿಕೊಂಡವು. ಪರದೆಯ ಈಚೆಗೆ ನಿಂತಿದ್ದ ನನಗೆ ಕೇಳಿಸಿತು: ‘ಇಷ್ಟಕ್ಕೇ ಕಿರುಚಿದ್ರೆ ನಾಳೆ ಹೆರಿಗೆ ಹೇಗಮ್ಮ ಮಾಡ್ಕೋತೀಯ? ಗಂಡನ ಹತ್ರನೂ ಹೀಗೇನಾ?’ ನರ್ಸು ನಕ್ಕಳು. ಡಾಕ್ಟರು ಕೈ ತೊಳೆದು, ರಿಲ್ಯಾಕ್ಸ್ ಆಗಬೇಕು, ಎಲ್ಲಾದರೂ ನಾಲ್ಕು ದಿನ ಟೂರು ಹೋಗಿ ಬನ್ನಿ ಎಂದು ಚೀಟಿ ಹರಿದುಕೊಟ್ಟರು. ಓದಿದ ಹೆಣ್ಣುಮಗಳು, ಗೋಡೆಯ ತುಂಬ ಪದವಿಗಳು. ಆ ಹೊತ್ತು ಅವರ ಕಣ್ಣೆದುರು ಒಂದು ರೋಗವಿತ್ತು. ಅವರು ಕಂಡದ್ದು ಒಬ್ಬ ಮೊಂಡು ಹುಡುಗಿಯನ್ನು. ನೀವಿಬ್ಬರೂ ಕೊಡಗಿಗೆ ಹೋಗಿಬಂದಿರಿ. ಫೋಟೋಗಳಲ್ಲಿ ನೀನು ಆರು ಸ್ವೆಟರ್ ಹಾಕಿಕೊಂಡವಳ ಹಾಗೆ ಮುದುಡಿ ನಿಂತಿದ್ದೆ.

ಆಮೇಲೆ ರಿಂಗ್ ರೋಡಿನ ಈ ಕೇಂದ್ರ. ಇಲ್ಲಿಯ ಜನರ ಮೇಲೆ ನನ್ನ ಸಿಟ್ಟು ಇನ್ನೂ ಜಾಸ್ತಿ, ಯಾಕೆಂದರೆ ಇವರಿಗೆ ಗೊತ್ತಿತ್ತು. ಒಳಗಿನ ಸ್ಕ್ಯಾನು ಮಾಡಲಾಗದೆ ನಿನಗೆ ಹೊಟ್ಟೆಯ ಮೇಲಿಂದಲೇ ಮಾಡಿದರು. ಅಂಡಾಣು ತೆಗೆದ ದಿನ ನೀನು ಅರಿವಳಿಕೆಯಿಂದ ಎದ್ದಿರಲಿಲ್ಲ. ಅಶ್ವತ್ಥಮ್ಮ ಎಂಬ ವಯಸ್ಸಾದ ಆಯಾ ನನ್ನ ಪಕ್ಕಕ್ಕೆ ಬಂದು ಕೂತಳು. ‘ಅಕ್ಕಾ, ತಪ್ಪು ತಿಳ್ಕೋಬ್ಯಾಡಿ. ಒಳಗೆ ಡಾಕ್ಟ್ರು ಮಾತಾಡ್ಕೊಂತಿದ್ರು. ಈ ಮಗಾ ಇನ್ನಾ ಇಂಗೇ ಅದೆ, ಸಂಸಾರನೇ ಆಗಿಲ್ಲ ಅಂತ. ಅಂಗಾದ್ರೆ ಈ ಸೂಜಿ ಎಲ್ಲಾ ಯಾಕಕ್ಕ?’ ಎಂದಳು. ಇಡೀ ಕಟ್ಟಡದಲ್ಲಿ ಆ ಪ್ರಶ್ನೆ ಕೇಳಿದವಳು ನೆಲ ಒರೆಸುವ ಹೆಂಗಸು ಒಬ್ಬಳೇ. ಡಾಕ್ಟರುಗಳು ತಮ್ಮತಮ್ಮಲ್ಲಿ ಆಡಿಕೊಂಡರು, ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ಸೂಜಿ ನಿಲ್ಲಿಸಬೇಕಾಗುತ್ತಿತ್ತು. ಫೈಲಿನಲ್ಲಿ ಬರೆದಿದ್ದಾರೆ: ಕಾರಣ ತಿಳಿಯದ ಬಂಜೆತನ.

ನಾನು ಅಶ್ವತ್ಥಮ್ಮನಿಗೆ ‘ಹಾಗೇನಿಲ್ಲಮ್ಮ, ಚೆನ್ನಾಗೇ ಇದ್ದಾರೆ’ ಎಂದು ಹೇಳಿ ಎದ್ದುಹೋದೆ. ಕ್ಯಾಂಟೀನಿನಲ್ಲಿ ಕಾಫಿ ತರಿಸಿಕೊಂಡು ಕುಡಿಯದೆ ಕೂತೆ.

ಮೊದಲ ಸಲ ಇಟ್ಟ ಭ್ರೂಣ ನಿಲ್ಲಲಿಲ್ಲ. ನೀನು ಹದಿನಾಲ್ಕು ದಿನ ಮಲಗಿ, ಎದ್ದು, ಹದಿನೈದನೆಯ ದಿನ ಲಾಗಿನ್ ಆದೆ. ಬಸಕ್ಕನವರು ನನಗೆ ಫೋನು ಮಾಡಿ ‘ನಮ್ಮ ಹುಡುಗಂದು ಏನೂ ಕಮ್ಮಿ ಇಲ್ರಿ, ರಿಪೋರ್ಟ್ ನೀವೂ ನೋಡೀರಲ್ಲ’ ಎಂದರು. ನಾನು ನೋಡಿದ್ದೇನೆ ಎಂದೆ. ಈ ಶುಕ್ರವಾರ ಇಡುವುದೂ ನಿಲ್ಲದಿದ್ದರೆ ‘ಬ್ಯಾರೆ ವಿಚಾರ’ ಮಾಡಬೇಕಾಗುತ್ತದೆಯಂತೆ. ಆ ಬೇರೆ ವಿಚಾರ ಏನೆಂದು ಕೇಳುವ ಧೈರ್ಯ ನನಗೂ ಆಗಲಿಲ್ಲ, ಅವರ ಪಕ್ಕದಲ್ಲಿ ಸ್ಪೀಕರಿನಲ್ಲಿ ಕೇಳುತ್ತಿದ್ದ ನಿನ್ನ ಗಂಡನಿಗೂ ಆಗಲಿಲ್ಲ.

ಈರೇಶನ ಬಗ್ಗೆಯೂ ಹೇಳಿಬಿಡುತ್ತೇನೆ. ಅವನು ಕೆಟ್ಟವನಲ್ಲ. ನಿನಗೆ ನೋವಾದ ಮೇಲೆ ಮತ್ತೆ ಒತ್ತಾಯ ಮಾಡಲಿಲ್ಲ, ಅಷ್ಟು ನನಗೆ ಗೊತ್ತು. ಹಾಲಿನ ಸೋಫಾಕ್ಕೆ ಲ್ಯಾಪ್‌ಟಾಪು ತೆಗೆದುಕೊಂಡು ಹೋಗಿ, ಅಮೆರಿಕದ ಕಾಲ್ ಇದೆ ಎಂದು ಅಲ್ಲೇ ಮಲಗಲು ಶುರು ಮಾಡಿದ. ಆದರೆ ಹೆಂಡತಿಯ ಹೊಟ್ಟೆಗೆ ದಿನಾ ಚುಚ್ಚುವಾಗ, ತನ್ನ ತಾಯಿ ಅವಳನ್ನು ಬಂಜೆ ಎನ್ನುವಾಗ, ನಿಜ ಗೊತ್ತಿರುವ ಗಂಡಸು ಸುಮ್ಮನಿದ್ದರೆ ಅದನ್ನು ಒಳ್ಳೆಯತನ ಎನ್ನಲು ನಾನು ತಯಾರಿಲ್ಲ. ಅವನೂ ನಾಚಿಕೊಂಡಿದ್ದಾನೆ, ಇರಲಿ. ನಾಚಿಕೆ ಅವನದು, ಸೂಜಿ ನಿನ್ನದು.

ಈಗ ನಿಜವಾಗಿ ಹೇಳಬೇಕಾದ ಸುದ್ದಿ. ಹೋದ ತಿಂಗಳಿನಿಂದ ನಿನ್ನ ಅಪ್ಪನ ಮೊಣಕಾಲಿಗೆ ಪೀಣ್ಯದಲ್ಲಿ ಫಿಸಿಯೋಥೆರಪಿ ಮಾಡಿಸುತ್ತಿದ್ದೇನೆ. ಮಾಡುವವಳು ಮಂಜುಶ್ರೀ. ಲೇತ್ ಶೆಡ್ಡಿನ ಸಿದ್ದರಾಜು ಅವರ ಮಗಳು, ನನ್ನ ಶಾಲೆಯಲ್ಲೇ ಓದಿದವಳು. ಅವಳ ಕೋಣೆಯ ಬಾಗಿಲಿನಲ್ಲಿ ಒಂದು ಹಾಳೆ ಅಂಟಿಸಿತ್ತು: ಬುಧವಾರ, ಹೆಂಗಸರಿಗೆ, ಸೊಂಟದ ಕೆಳಗಿನ ಸ್ನಾಯುಗಳ ಚಿಕಿತ್ಸೆ. ಹೆರಿಗೆಯಾದವರಿಗೇನಮ್ಮ ಎಂದೆ. ‘ಅವ್ರೂ ಬರ್ತಾರೆ ಮಿಸ್. ಆದ್ರೆ ಜಾಸ್ತಿ ಬರೋದು ಮದುವೆಯಾಗಿ ಮೂರು ವರ್ಷ, ಆರು ವರ್ಷ ಆಗಿದ್ರೂ ಗಂಡನ ಜೊತೆ ಆಗದೇ ಇರೋರು. ಟೆಕ್ ಪಾರ್ಕಿನೋರು, ಗಾರ್ಮೆಂಟ್ಸಿನೋರು, ಎಲ್ಲಾ ಥರದೋರೂ’ ಎಂದಳು. ಹೆಸರು ಹೇಳದೆ, ನನಗೆ ಗೊತ್ತಿರುವ ಒಬ್ಬ ಹುಡುಗಿ ಎಂದು ಶುರು ಮಾಡಿದೆ. ಅವಳು ನಾಲ್ಕು ಪ್ರಶ್ನೆ ಕೇಳಿ, ಇದಕ್ಕೆ ವೆಜೈನಿಸ್ಮಸ್ ಅಂತ ಹೆಸರು ಎಂದಳು. ಇದೇ ಇರಬೇಕು, ಡಾಕ್ಟರು ನೋಡಿ ಖಚಿತ ಮಾಡಬೇಕು ಎಂದಳು.

ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ. ಯೋನಿಯ ಸುತ್ತ ಇರುವ ಸ್ನಾಯುಗಳು ಭಯಕ್ಕೋ ನೋವಿಗೋ ತಾವಾಗಿ ಬಿಗಿಯುತ್ತವೆ. ಕಣ್ಣಿನ ಹತ್ತಿರ ಕೈ ತಂದರೆ ರೆಪ್ಪೆ ಮುಚ್ಚುವ ಹಾಗೆ. ಅದು ಹುಡುಗಿ ಬೇಕೆಂದು ಮಾಡುವುದಲ್ಲ, ಗಂಡ ಬೇಡವೆಂದೂ ಅಲ್ಲ, ತಣ್ಣಗಿನ ಹೆಣ್ಣು ಎಂದೂ ಅಲ್ಲ. ಮನಸ್ಸು ಒಪ್ಪಿದ್ದರೂ ಸ್ನಾಯು ಒಪ್ಪದೆ ಇರಬಹುದು. ಹಲ್ಲು ಕಚ್ಚಿದಷ್ಟೂ ಅದು ಇನ್ನಷ್ಟು ಬಿಗಿಯುತ್ತದೆ. ಇದಕ್ಕೆ ಚಿಕಿತ್ಸೆ ಇದೆ. ಮೊದಲು ಮಾತು, ಆಮೇಲೆ ಉಸಿರಾಟ, ಸ್ನಾಯು ಸಡಿಲಿಸುವ ವ್ಯಾಯಾಮ, ಆಮೇಲೆ ಕಿರುಬೆರಳಿಗಿಂತ ಸಣ್ಣದರಿಂದ ಶುರುವಾಗುವ ನುಣುಪಾದ ಸಾಧನಗಳು. ಅವನ್ನು ಬಳಸುವವಳು ಆ ಹುಡುಗಿಯೇ, ತನ್ನ ಕೈಯಿಂದಲೇ, ತನ್ನ ನಿಧಾನಕ್ಕೆ. ಬೇಡ ಎಂದರೆ ಅಲ್ಲೇ ನಿಲ್ಲಿಸುವುದು. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಗುಣವಾಗುತ್ತದಂತೆ. ಗಂಡ ಬಂದು ಕೂತರೆ ಒಳ್ಳೆಯದು, ಬರದಿದ್ದರೂ ಶುರು ಮಾಡಬಹುದು. ಹೆಪ್ಪುಗಟ್ಟಿಸಿಟ್ಟ ಭ್ರೂಣಗಳು ಎಲ್ಲಿಗೂ ಹೋಗುವುದಿಲ್ಲ, ಅವು ಕಾಯುತ್ತವೆ. ಶುಕ್ರವಾರಕ್ಕೆ ಅವಸರವಿರುವುದು ಮನುಷ್ಯರಿಗೆ ಮಾತ್ರ.

ಹೊರಡುವಾಗ ಮಂಜುಶ್ರೀ ನಗುತ್ತ ಹೇಳಿದಳು: ‘ಬೈಕೋಬೇಡಿ ಮಿಸ್. ಹತ್ತನೇ ಕ್ಲಾಸಲ್ಲಿ ಆ ಒಂದು ಪಾಠ ಬಿಟ್ಬಿಟ್ರಿ ನೀವು. ಮನೇಲಿ ಓದ್ಕೊಳಿ ಅಂದ್ರಿ. ಮನೇಲಿ ಬುಕ್ ತೆಗೆದಿದ್ದಕ್ಕೆ ನಮ್ಮಜ್ಜಿ ಪಿಳ್ಳಮ್ಮ ಸೌಟಲ್ಲಿ ಹೊಡೆದಿದ್ಳು.’ ನಾನೂ ನಕ್ಕೆ. ಆಟೋದಲ್ಲಿ ನಿನ್ನ ಅಪ್ಪ ಮೊಣಕಾಲು ಎಷ್ಟು ಹಗುರವಾಗಿದೆ ಎಂದು ಹೇಳುತ್ತಿದ್ದರು, ಒಂದೂ ಕಿವಿಗೆ ಬೀಳಲಿಲ್ಲ. ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ, ಸ್ಫೂರ್ತಿ. ವರ್ಷಕ್ಕೆ ಎಂಬತ್ತು ಮಕ್ಕಳು, ಅರ್ಧ ಹೆಣ್ಣುಮಕ್ಕಳು. ಒಂದು ವರ್ಷ ನೀನೂ ಎರಡನೆಯ ಬೆಂಚಿನಲ್ಲಿದ್ದೆ. ಹೂವಿನ ಕೇಸರ, ಶಲಾಕೆಗಳ ಚಿತ್ರ ಬರೆಸಿ, ಮನುಷ್ಯರ ಮೈಯ ಬಗ್ಗೆ ಇದ್ದ ಮುಂದಿನ ಪುಟಗಳನ್ನು ಮಗುಚಿದೆ.

ಇನ್ನೊಂದು ಉಳಿದಿದೆ. ಇದನ್ನು ಬರೆಯಲೆಂದೇ ಇಷ್ಟು ಹೊತ್ತು ಬೇರೆಯವರನ್ನು ಬೈದದ್ದು.

ಆ ಕೇಂದ್ರಕ್ಕೆ ಮೊದಲ ಸಲ ಹೋದ ದಿನ ನಿನಗೆ ಫಾರಂ ಕೊಟ್ಟರು. ಮೂರನೆಯ ಪುಟದಲ್ಲಿ ದಂಪತಿ ವಾರಕ್ಕೆ ಎಷ್ಟು ಸಲ ಕೂಡುತ್ತಾರೆ ಎಂಬ ಕಾಲಮ್ಮು. ಅಲ್ಲಿ ನಿನ್ನ ಪೆನ್ನು ನಿಂತಿತು. ಈರೇಶ ಫೋನು ನೋಡತೊಡಗಿದ. ನೀನು ನನ್ನ ಮುಖ ನೋಡಿದೆ. ಆ ಹೊತ್ತು ನೀನು ಸೊನ್ನೆ ಬರೆಯಲು ತಯಾರಿದ್ದೆ, ನನಗೆ ಗೊತ್ತು. ಒಂದು ಸೊನ್ನೆ ಬರೆದಿದ್ದರೆ ಯಾರಾದರೂ ಒಬ್ಬರು ಕೇಳಲೇಬೇಕಾಗುತ್ತಿತ್ತು. ನಾನು ಬಗ್ಗಿ ನಿನ್ನ ಕಿವಿಯಲ್ಲಿ ‘ಎರಡು ಅಂತ ಬರಿ’ ಎಂದೆ. ಬಸಕ್ಕನವರು ಎದುರಿಗೆ ಕೂತಿದ್ದರು, ಮರ್ಯಾದೆಯ ಪ್ರಶ್ನೆ ಎಂದುಕೊಂಡೆ. ನೀನು ವಿಧೇಯ ಹುಡುಗಿ, ಬರೆದೆ. ಆ ಎರಡರ ಮೇಲೆ ನಿನ್ನ ಇಡೀ ಚಿಕಿತ್ಸೆ ನಿಂತಿದೆ. ಡಾಕ್ಟರು ಕೇಳಲಿಲ್ಲ, ಗಂಡ ಹೇಳಲಿಲ್ಲ ಎಂದು ಇಷ್ಟುದ್ದ ಬರೆದೆನಲ್ಲ, ಸುಳ್ಳು ಬರೆಸಿದವಳು ನಾನು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ತಕ್ಷಣ ಕ್ಷಮಿಸಿಬಿಡುತ್ತೀಯ. ನಿನ್ನ ಅಭ್ಯಾಸವೇ ಅದು. ಅದರ ಬದಲು ನನ್ನ ಮೇಲೆ ಸಿಟ್ಟು ಮಾಡಿಕೋ. ಒಂದು ಸಲ ಗಟ್ಟಿಯಾಗಿ ಸಿಟ್ಟು ಮಾಡಿಕೋ, ಒಳ್ಳೆಯದಾಗುತ್ತದೆ.

ಶುಕ್ರವಾರ ಬರುವುದಿಲ್ಲ ಎಂದು ಆ ಕೇಂದ್ರಕ್ಕೆ ನೀನೇ ಹೇಳಬೇಕು. ನಾನು ಹೇಳಿದರೆ ಮತ್ತೆ ನಿನ್ನ ಪರವಾಗಿ ನಾನು ಬರೆಸಿದ ಹಾಗಾಗುತ್ತದೆ. ಈರೇಶನಿಗೂ ನೀನೇ ಹೇಳು. ಹೇಳುವಾಗ ನಾನು ಪಕ್ಕದಲ್ಲಿರಬೇಕು ಎಂದರೆ ಬರುತ್ತೇನೆ. ಇಲ್ಲಿಂದ ನಿಮ್ಮನೆಗೆ ಎರಡೂವರೆ ಗಂಟೆಯ ದಾರಿ. ಬಸಕ್ಕನವರಿಗೆ ಏನು ಹೇಳಬೇಕು ಎಂಬುದನ್ನು ಅವರ ಮಗ ಯೋಚಿಸಲಿ.

ಎಲ್ಲಾ ಓದಿದ ಮೇಲೂ ಶುಕ್ರವಾರ ಹೋಗುತ್ತೇನೆ ಎಂದರೆ ಆಗಲೂ ನಿನ್ನ ಜೊತೆ ಬಂದು ಹೊರಗೆ ಕೂರುತ್ತೇನೆ. ನಿನ್ನ ಮೈಯ ವಿಷಯದಲ್ಲಿ ಇನ್ನು ಮೇಲೆ ಕೊನೆಯ ಮಾತು ನಿನ್ನದು. ಆದರೆ ಆ ಮೂರನೆಯ ಪುಟವನ್ನು ತಿದ್ದಿ ಹೋಗು.

ನಿನ್ನ ಸಿಟ್ಟಿಗೆ ಕಾದು ಕೂತಿರುವ
ಅಮ್ಮ,
ಮಹಾಂತಮ್ಮ

ಮರೆತದ್ದು: ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಮಂಜುಶ್ರೀಯ ಹತ್ತಿರ, ಅವಳ ಜೊತೆ ಕೂರುವ ಲೇಡಿ ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡಿದ್ದೇನೆ. ಹೆಸರು ನನ್ನದೇ ಕೊಟ್ಟಿದ್ದೇನೆ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಎಂದರೆ ನಿಮ್ಮ ಮನೆಯಲ್ಲಾಗಲಿ ನಿನ್ನ ಆಫೀಸಿನಲ್ಲಾಗಲಿ ಯಾರೂ ಅಡ್ಡ ಬರುವುದಿಲ್ಲ. ನೀನು ಹಾಗೆಯೇ ಹೇಳು, ಸುಳ್ಳಾಗುವುದಿಲ್ಲ. ಮುಟ್ಟು ನಿಂತಾಗಿನಿಂದ ನನಗೂ ಒಳಗೆಲ್ಲ ಒಣಗಿ, ಉರಿ, ಬಿರುಕು. ಹತ್ತು ವರ್ಷವಾಯಿತು. ಅಪ್ಪನ ಗೊರಕೆಗೆಂದು ನಾನು ನಿನ್ನ ಕೋಣೆಗೆ ಹಾಸಿಗೆ ಸಾಗಿಸಿದೆ ಎಂದು ನೀನೂ ನಿನ್ನ ಅಪ್ಪನೂ ನಂಬಿದ್ದೀರಿ. ನಿನ್ನ ಅಪ್ಪ ಗೊರಕೆ ಹೊಡೆಯುವುದಿಲ್ಲ. ಮೊದಲು ನಾನು ಒಳಗೆ ಹೋಗಿ ತೋರಿಸಿಕೊಳ್ಳುತ್ತೇನೆ. ನೀನು ಹೊರಗೆ ಕೂತಿರು. ಆಮೇಲೆ ನಿನಗೆ ಬೇಕು ಅನ್ನಿಸಿದರೆ ಮಾತ್ರ ಬಾಗಿಲು ತಟ್ಟು.