ಎರೆಯುವ ಕೈ

ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ

ಕೊಟ್ಟೂರು
18-11-1998

ಪ್ರೀತಿಯ ಮೊಮ್ಮಗಳು ಪುಷ್ಪಲತಾಗೆ,

ನಿನ್ನ ಅಜ್ಜನ ಆಶೀರ್ವಾದ. ಆರೋಗ್ಯ ಹೇಗಿದೆ ತಾಯಿ? ಏಳು ತಿಂಗಳು ತುಂಬಿತಲ್ಲ, ಕಾಲಿನ ಬಾವು ಇಳಿಯಿತೇ? ಹಡಗಲಿಯ ಮಲ್ಲಿಗೆ ಮುಡಿದುಕೊಂಡು ಓಣಿಯೆಲ್ಲ ತಿರುಗುವುದು ಬಿಟ್ಟು, ಎರಡು ಗಳಿಗೆ ಕಾಲು ಚಾಚಿ ಕೂತುಕೋ. ನೀನು ಹೇಳಿದ ಮಾತು ಕೇಳುವವಳಲ್ಲ, ಆದರೂ ಬರೆದಿದ್ದೇನೆ.

ನಿನ್ನ ತಂಗಿ ಸುಕನ್ಯಾ ಕಾಲು ಉಳುಕಿಸಿಕೊಂಡಿದ್ದಾಳೆಂದು ಹಿಂದಿನ ಕಾಗದದಲ್ಲಿ ಬರೆದದ್ದು ಸುಳ್ಳು. ಬಸುರಿಗೆ ಯಾಕೆ ಹೇಳುವುದೆಂದು ಮುಚ್ಚಿಟ್ಟೆ. ಕೂಡ್ಲಿಗಿಯ ಯೋಗ ಸ್ಪರ್ಧೆಗೆಂದು ಅವಳು ಏಕಪಾದ ಶಿರಾಸನ ಕಲಿಯುತ್ತಿದ್ದಳು. ಕುಳಿತು ಒಂದು ಕಾಲನ್ನೆತ್ತಿ ಕತ್ತಿನ ಹಿಂದೆ ಇಟ್ಟುಕೊಳ್ಳುವುದು. ನೋಡುವವರಿಗೇ ಎದೆ ಝಲ್ಲೆನ್ನುತ್ತದೆ. ಕಲಿಸುವ ಗುರುಶಾಂತ ಮೇಷ್ಟ್ರು ಅವಸರದ ಮನುಷ್ಯನಲ್ಲ. ವರ್ಷವೆಲ್ಲ ಬದ್ಧಕೋಣಾಸನದಲ್ಲಿ ಕೂರಿಸಿ, ಎರಡೂ ತೊಡೆ ನೆಲಕ್ಕೆ ಒರಗುವ ತನಕ ಕಾಲೆತ್ತಲು ಬಿಟ್ಟಿರಲಿಲ್ಲ. ಮನೆಗೆ ಬಂದು ನನಗೂ ಹೇಳಿ ಹೋಗಿದ್ದರು: “ಸೊಂಟದ ಕೀಲು ತಾನಾಗಿ ಬಿಡಬೇಕ್ರಿ ಅಜ್ಜಾರ. ಮೊಣಕಾಲು ತಿರುವಬಾರದು. ನೋವು ಅಂದ ಕೂಡ್ಲೆ ಕಾಲು ಇಳಿಸಬೇಕು. ಹಿಂದ ನಿಂತು ಯಾರೂ ಒತ್ತಬಾರದು ನೋಡ್ರಿ.”

ಒತ್ತಿದವಳು ನಿನ್ನ ಅಜ್ಜಿ. ನಾಗಲಿಂಗಮ್ಮ ಎರೆಯದ ಕೂಸು ನಮ್ಮ ಓಣಿಯಲ್ಲಿ ಯಾವುದಿದೆ ಹೇಳು? ಚಾಚಿದ ಕಾಲ ಮೇಲೆ ಮಲಗಿಸಿ, ಹರಳೆಣ್ಣೆ ತಿಕ್ಕಿ, ಪಾದವನ್ನು ಹಣೆಗೆ ಮುಟ್ಟಿಸಿ ಬಿಸಿನೀರು ಎರೆದರೇ ಅವಳಿಗೆ ಸಮಾಧಾನ. ನೀನೂ ಹಾಗೆ ಅತ್ತು ಅತ್ತು ನಿದ್ದೆ ಹೋದವಳೇ. ಸುಕನ್ಯಾ ಕಾಲನ್ನು ಕಿವಿಯ ತನಕ ತಂದು ಒದ್ದಾಡುವುದನ್ನು ಕಂಡು ಅವಳಿಗೆ ನಗು ಬಂತು. “ಎಷ್ಟು ಕೂಸಿನ ಕಾಲು ಹಣಿಗೆ ಮುಟ್ಟಿಸೀನಿ, ನಿಂದೇನ್ ಹೊಸಾದಲೇ?” ಎಂದು ಎಣ್ಣೆ ಬಿಸಿಮಾಡಿ ತಂದಳು. ಹುಡುಗಿ “ಸಾಕಜ್ಜಿ, ಸಾಕು” ಎಂದು ಕೂಗಿದ್ದು ಕಟ್ಟೆಯ ಮೇಲಿದ್ದ ನನಗೆ ಕೇಳಿಸಿತು. ಎರೆಯುವಾಗ ಎಲ್ಲ ಕೂಸುಗಳೂ ಅಳುತ್ತವೆ. ಅವಳ ಕೈ ನಿಲ್ಲಲಿಲ್ಲ. ನಾನು ಒಳಗೆ ಹೋಗುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಹೊಸಪೇಟೆಯ ಎಲುಬಿನ ಡಾಕ್ಟರು, ಸೊಂಟದ ಕೀಲಿನೊಳಗೆ ಹರಿದಿದೆ ಎಂದರು. ನಡೆದಾಳು, ಆದರೆ ಕುಂಟು ಉಳಿಯಬಹುದಂತೆ. ಆಸನದ ಮಾತು ಅಲ್ಲಿಗೆ ಮುಗಿಯಿತು. ಅವಳ ಚಾಪೆಯನ್ನು ಸುತ್ತಿ ಅಟ್ಟಕ್ಕೆ ಹಾಕುವಾಗ ನನಗೆ ಅಳು ಬಂತಮ್ಮ.

ಅಜ್ಜಿ ಊಟ ಬಿಟ್ಟು ಮಲಗಿದ್ದಳು. ಈಗ ಅವಳನ್ನು ಎಬ್ಬಿಸಿ ಕೂರಿಸಿರುವುದು ನಿನ್ನ ಬಾಣಂತನವೊಂದೇ. ಹಳೆಯ ಸೀರೆ ಹರಿದು ಮೆತ್ತನೆಯ ಬಟ್ಟೆ ಮಡಿಚಿಡುತ್ತಾಳೆ. ಹರಳು ಹುರಿದು, ಕುಟ್ಟಿ, ಎಣ್ಣೆ ತೆಗೆಯುತ್ತಾಳೆ. “ಪುಷ್ಪಿ ಕೂಸಿಗೆ ಎರೆದರ ನನ್ನ ಕೈಗೆ ಹತ್ತಿದ ಪಾಪ ಹೋಗತೈತಿ” ಎನ್ನುತ್ತಾಳೆ. ಮೊನ್ನೆ ಕುದಿಯುವ ಅನ್ನದ ಪಾತ್ರೆಯನ್ನು ಬರಿಗೈಯಲ್ಲೇ ಒಲೆಯಿಂದ ಇಳಿಸಿದಳು. ಬೊಬ್ಬೆ ಎದ್ದವು, ಅವಳು ಹಾ ಎನ್ನಲಿಲ್ಲ. ನಾನು ತೋರಿಸಿದ ಮೇಲೇ ಕೈ ನೋಡಿಕೊಂಡದ್ದು. ಸಕ್ಕರೆ ಕಾಯಿಲೆ ಹಳೆಯದಾದರೆ ಬೆರಳಿಗೆ ಏನೂ ತಿಳಿಯದಂತಾಗುತ್ತದೆ ಎಂದು, ಅವಳ ಕೈಗೆ ಮುಲಾಮು ಹಚ್ಚಿದ ಊರ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಅಂದು ಹುಡುಗಿಯ ತೊಡೆ ಬಿಗಿದದ್ದೂ ಆ ಕೈಗೆ ತಿಳಿದಿರಲಿಕ್ಕಿಲ್ಲ. ಇದನ್ನು ಅವಳಿಗೆ ಹೇಳಲು ನನಗೆ ಬಾಯಿ ಬಂದಿಲ್ಲ.

ಅಳಿಯಂದಿರಿಗೆ ಆಶೀರ್ವಾದ, ಬೀಗರಿಗೆ ಶರಣು. ಕೊಟ್ಟೂರೇಶ್ವರ ನಿನ್ನ ಹೊಟ್ಟೆ ತಣ್ಣಗಿಡಲಿ.

ಇಂತಿ ನಿನ್ನ ಅಜ್ಜ,
ಬೆನಕಪ್ಪ

ತಾ.ಕ.: ಅವಳು ಹಿತ್ತಲಲ್ಲಿದ್ದಾಳೆ, ಬೇಗ ಬರೆಯುತ್ತೇನೆ. ನೀನು ಹೆರಿಗೆಗೆ ಇಲ್ಲಿಗೆ ಬರಬೇಡ. ನಿನ್ನೆ ಸುಕನ್ಯಾ ನನ್ನ ಕೈ ಹಿಡಿದು, “ಅಕ್ಕನ ಕೂಸಿಗೆ ಅಜ್ಜಿ ಎರಿಯೋದು ಬ್ಯಾಡಜ್ಜ” ಎಂದಳು. ನೀನು ಬಂದರೆ ಅಜ್ಜಿಯನ್ನು ತಡೆಯುವವರು ಈ ಮನೆಯಲ್ಲಿ ಯಾರೂ ಇಲ್ಲ. ನಿನ್ನ ಅವ್ವನ ಕೈಲಾಗದು, ನನ್ನ ಕೈಲೂ ಆಗದು. ಅತ್ತೆ ಕಳಿಸಲು ಒಪ್ಪುತ್ತಿಲ್ಲ ಎಂದು ಅಜ್ಜಿಯ ಹೆಸರಿಗೆ ಒಂದು ಕಾಗದ ಹಾಕು. ಓದಿ ಹೇಳುವವನು ನಾನೇ. ಅವಳ ಜೊತೆ ಸೇರಿಕೊಂಡು ನಿಮ್ಮತ್ತೆಯನ್ನು ನಾನೂ ಬೈಯುತ್ತೇನೆ. ಆ ತಾಯಿಗೆ ನನ್ನದು ತಪ್ಪಾಯಿತೆಂದು ಈಗಲೇ ಹೇಳಿಬಿಡು.