ಅರ್ಧ ಸ್ವರ ಕೆಳಗೆ

ಜನವರಿ ೧೧, ಶನಿವಾರ

ಬೆಳಗಿನ ಅಭ್ಯಾಸ ಆಯಿತು. ಬಾತ್‌ರೂಮಿನಲ್ಲೇ. ಗಲ್ಫಿನ ಈ ಜುಫೈರ್ ಫ್ಲ್ಯಾಟಿನಲ್ಲಿ ದನಿ ಚೆನ್ನಾಗಿ ಮೊಳಗುವುದು ಅಲ್ಲಿ ಮಾತ್ರ. ಬಾಗಿಲು ತೆರೆದರೆ ಆನ್ಸನ್ ಟವೆಲ್ ಹಿಡಿದು ನಿಂತಿದ್ದ! ಮದುವೆಯಾಗಿ ತಿಂಗಳೂ ತುಂಬಿಲ್ಲ, ಎಲ್ಲಿ ತಿರುಗಿದರೂ ನನ್ನ ಗಂಡ. ಸೋ ಸ್ವೀಟ್!

“ಎಂತ ಅಷ್ಟು ಚಪ್ಪೆ ಹಾಡುದು? ಸ್ವಲ್ಪ ನಡುಗಿಸು ಮಾರಾಯ್ತಿ.”

“ನಾನೂರು ವರ್ಷ ಹಿಂದಿನ ಹಾಡು ಆನ್ಸನ್. ಯುರೋಪಿನಲ್ಲಿ ಆಗ ಹೀಗೇ, ನೇರ. ಶ್ರುತಿ ಸಹ ನಿನ್ನ ಕೀಬೋರ್ಡಿಗಿಂತ ಅರ್ಧ ಸ್ವರ ಕೆಳಗೆ.”

“ಕೆಳಗೆ ಅಂದ್ರೆ ತಪ್ಪೇ ಅಲ್ವಾ?”

ಇಬ್ಬರೂ ನಕ್ಕೆವು. ಇಗರ್ಜಿಯ ಹಾಡಿನ ತಂಡಕ್ಕೆ, ಕ್ವಾಯರಿಗೆ, ಕೀಬೋರ್ಡ್ ನುಡಿಸುವವನು. ಪಾಪ, ಅವನ ಕಿವಿಗೆ ಹಾಗೆ.

ಜನವರಿ ೧೪, ಮಂಗಳವಾರ

ರೆಕಾರ್ಡಿಂಗ್ ಮುಗಿಯಿತು!! ಒಂದೇ ಟೇಕ್. ನಾನು ಅರ್ಜಿ ಹಾಕಿದ ಹಾಲೆಂಡಿನ ಸಂಗೀತ ಶಾಲೆಯ ನಿಯಮ ಹಾಗೆ — ಹಾಡಿದ್ದನ್ನು ಆಮೇಲೆ ತಿದ್ದಬಾರದು. ಬೆಂಗಳೂರಿನಲ್ಲಿ ಅಪೊಲಿನ್ ಮಿಸ್ ಬಳಿ ಕಲಿತದ್ದೆಲ್ಲ ಈ ಸೀಟಿಗಾಗಿ. ಮುಂದಿನ ವರ್ಷ ವಯಸ್ಸು ಮೀರುತ್ತದೆ. ಮದುವೆಗೆ ಮೊದಲೇ ಆನ್ಸನ್‌ಗೆ ಹೇಳಿದ್ದೆ. “ಹೋಗು, ನಾನುಂಟಲ್ಲ” ಎಂದಿದ್ದ. ಅಪ್‌ಲೋಡ್ ಕೂಡ ಅವನೇ ಮಾಡಿದ. ನನ್ನ ಪಾಸ್‌ವರ್ಡ್‌ಗಳೂ ಅವನ ಬಳಿಯೇ. ನಾನು ರಾಣಿ!

ಜನವರಿ ೨೭, ಸೋಮವಾರ

ಮಿಸ್ ಫೋನ್ ಮಾಡಿದ್ದರು. “ಸೋನಲ್, ಯಾರು ಮುಟ್ಟಿದ್ದು ನಿನ್ನ ರೆಕಾರ್ಡಿಂಗನ್ನು? ಸ್ವರ ಎತ್ತಿದ್ದಾರೆ, ನಡುಕ ಸೇರಿಸಿದ್ದಾರೆ. ಶಾಲೆಯವರು ನನಗೆ ಬರೆದಿದ್ದಾರೆ, ನೀನು ಮೋಸ ಮಾಡಿದ್ದಿ ಅಂತಾರೆ.”

ಆನ್ಸನ್ ಆಫೀಸಿನಿಂದ ಬಂದ ಕೂಡಲೇ ಕೇಳಿದೆ. ಮುಚ್ಚಿಡಲಿಲ್ಲ.

“ಅರ್ಧ ಸ್ವರ ಎತ್ತಿದೆ, ಅಷ್ಟೆ. ನನ್ನ ಹೆಂಡತಿ ಬೇಸೂರ್ ಅಂತ ಜನ ನಗುದು ಬೇಡ.”

“ತಿದ್ದಬಾರದು ಅಂತ ಹೇಳಿದ್ದೆನಲ್ಲ?”

“ಹೇಳಿದ್ದಿ.”

ಆಮೇಲೆ ಚಹಾ ಮಾಡಿಕೊಟ್ಟ. ನನ್ನ ಕೂದಲು ಬಾಚಿದ. ಪ್ರೀತಿಯಿಂದಲೇ ಮಾಡಿದ್ದು... ಅಲ್ಲವೇ?

ಮಿಸ್ ಅಂಗಲಾಚಿ ಇನ್ನೊಂದು ಅವಕಾಶ ಕೊಡಿಸಿದ್ದಾರೆ. ಶುಕ್ರವಾರ ನಾಲ್ಕಕ್ಕೆ ಶಾಲೆಯವರೇ ವೀಡಿಯೊ ಕಾಲ್ ಮಾಡುತ್ತಾರೆ. ಲೈವ್ ಹಾಡಬೇಕು. ಇದೇ ಕೊನೆ.

ಜನವರಿ ೨೯, ಬುಧವಾರ

ಬಾತ್‌ರೂಮಿನಲ್ಲಿ ಹಾಡಬೇಡ ಎಂದ ಆನ್ಸನ್. ಪಕ್ಕದ ಮನೆಯ ಶಾಲೆಟ್ ಆಂಟಿ ಕಂಪ್ಲೇಂಟ್ ಮಾಡಿದ್ದಾರಂತೆ. ಲಿಫ್ಟಿನಲ್ಲಿ ಸಿಕ್ಕಾಗ ಅವರಲ್ಲಿ ಸಾರಿ ಕೇಳಿದೆ.

“ಕಂಪ್ಲೇಂಟಾ? ನಾನು ಯಾಕೆ ಮಾಡ್ಲಿ? ನೀನು ಹಾಡುವಾಗ ನಾನು ಟಿವಿ ಬಂದ್ ಮಾಡ್ತೇನೆ ಮಗಾ. ಹಾಂ, ನೀನಿನ್ನು ನಮ್ಮ ಕ್ವಾಯರಿಗೆ ಅಂತೆ? ಹಾಲೆಂಡ್ ಕ್ಯಾನ್ಸಲ್ ಅಂತ ಆನ್ಸನ್ ಹೇಳಿದ.”

ಲಿಫ್ಟ್ ಕೆಳಗೆ ತಲುಪಿತು. ಇಳಿಯಲು ಮರೆತೆ.

ಜನವರಿ ೩೧, ಶುಕ್ರವಾರ, ೩.೫೦

“ಹೊರಗೆ ಕೂತ್ಕೋ ಆನ್ಸನ್, ಪ್ಲೀಸ್.” ಅವನಿಗೆ ಹಾಗೆ ಹೇಳಿದ್ದು ಇದೇ ಮೊದಲು. ಹೋಗಲಿಲ್ಲ. ಬಾಗಿಲಿಗೆ ಚಿಲಕ ಹಾಕಿದ. ಕುರ್ಚಿ ಎಳೆದು, ಮೊಣಕಾಲು ತಾಗುವಷ್ಟು ಹತ್ತಿರ ಕುಳಿತ. ನಗುತ್ತಿದ್ದಾನೆ. ಅವನತ್ತ ನೋಡದಿರಲು ಬರೆಯುತ್ತಿದ್ದೇನೆ, ಪೆನ್ನು ಬಿಡುವುದಿಲ್ಲ.

ನಾಲ್ಕು ಗಂಟೆ. ಕಾಲ್ ಬಂತು. ನನಗಿಂತ ಮೊದಲು ಫೋನಿಗೆ ಅವನ ಕೈ. ಕ್ಯಾಮೆರಾ ಮೇಲೆ ಬೆರಳು. ಸೋನಲ್‌ಳ ಹಸ್ಬೆಂಡ್ ನಾನು, ಅವಳ ಗಂಟಲು ಕಟ್ಟಿದೆ, ದನಿಯೇ ಹೊರಡುವುದಿಲ್ಲ, ಸಾರಿ... ಇಂಗ್ಲಿಷಿನಲ್ಲಿ, ಎಷ್ಟು ಮರ್ಯಾದೆಯಿಂದ! ಇನ್ನೊಂದು ಕೈ ನನ್ನ ಭುಜದ ಮೇಲೆ. ಒತ್ತುತ್ತಿದೆ.

ಆ ಕಡೆಯವರು ಇನ್ನೂ ಲೈನಿನಲ್ಲಿದ್ದಾರೆ. ಹಾಡಿದರೆ ಕೇಳಿಸುತ್ತದೆ.

ಕೈ ಭುಜದಿಂದ ಕುತ್ತಿಗೆಗೆ ಬಂತು. ಉಸಿರೆಳೆದುಕೊಂಡಿದ್ದೇನೆ, ಹಾಡುತ್ತೇನೆ. ಮೊದಲ ಸ್ವರ —