ಮಧ್ಯಾಹ್ನದ ತಂತಿ

ಗುಡ್ಡದ ಕೆಳಗಿನ ಮನೆ
ಮಾರ್ಚ್ ೧೧, ಬುಧವಾರ

ನನ್ನ ಪ್ರೀತಿಯ ‘ರೀ’ ಅವರಿಗೆ,

ಹೇಗಿದ್ದೀರಿ? ಎಂಜಿನ್ ಕೋಣೆಯ ಶಾಖಕ್ಕೆ ಮೈಮೇಲೆ ಎದ್ದಿದ್ದ ಬೊಕ್ಕೆಗಳು ಇಳಿದವೇ? ಮುಲಾಮು ಪೆಟ್ಟಿಗೆಯ ತಳದಲ್ಲಿದೆ. ಹುಡುಕದೆಯೇ ಇಲ್ಲ ಅನ್ನಬೇಡಿ. ನಿಮ್ಮ ಹಡಗು ಶನಿವಾರ ಬಂದರು ಮುಟ್ಟುತ್ತದೆಂದು ಏಜೆಂಟರು ಹೇಳಿದರು. ಅಷ್ಟರೊಳಗೆ ಈ ಕಾಗದ ಅಲ್ಲಿ ನಿಮಗಾಗಿ ಕಾದಿರುತ್ತದೆ. ಫೋನಿನಲ್ಲಾದರೆ ನಾನು ಒಂದು ಮಾತು ಆಡುವಷ್ಟರಲ್ಲಿ ನೀವು ನಾಲ್ಕು ಆಡುತ್ತೀರಿ. ಕಾಗದ ಓದುವಾಗ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ.

ಅತ್ತೆ ಚೆನ್ನಾಗಿದ್ದಾರೆ, ಅಂದರೆ ನನ್ನನ್ನು ಬೈಯುವಷ್ಟು ಚೆನ್ನಾಗಿದ್ದಾರೆ. ಆದರೆ ಆಮ್ಲಜನಕದ ಯಂತ್ರ ಈಗ ಹಗಲಲ್ಲೂ ಬೇಕಾಗುತ್ತಿದೆ. ಮೂಗಿಗೆ ಕೊಳವೆ ಸಿಕ್ಕಿಸಿಕೊಂಡೇ ಕಿಟಕಿಯ ಬಳಿ ಕೂತು ಬೀದಿಯವರ ಸಂಸಾರವನ್ನೆಲ್ಲ ವಿಚಾರಿಸಿಕೊಳ್ಳುತ್ತಾರೆ.

ನನ್ನ ಕೆಲಸದ ವಿಷಯಕ್ಕೆ ಬರುತ್ತೇನೆ. ಗುಡ್ಡ ಹತ್ತಿ ಇಳಿದು ನಮ್ಮ ಬಡಾವಣೆಗೆ ಬರುವ ಹೈಟೆನ್ಷನ್ ಲೈನಿಗೆ ಬೆಂಕಿಯ ಅಪಾಯ ಎಷ್ಟಿದೆ ಎಂದು ಅಳೆಯುವ ಕೆಲಸ ನನಗೆ ಬಂತು. ತಂತಿಗೂ ಕೆಳಗಿನ ಗಿಡಗಳಿಗೂ ನಡುವೆ ಎಷ್ಟು ಅಂತರವಿದೆ ಎಂಬುದೇ ಮುಖ್ಯ ಲೆಕ್ಕ. ನಮ್ಮ ಕಚೇರಿಯಲ್ಲಿ ಈ ಅಳತೆ ಯಾವತ್ತೂ ಬೆಳಗಿನ ತಂಪಿನಲ್ಲೇ ನಡೆಯುತ್ತದೆ. ಗುಡ್ಡ ಹತ್ತುವವರಿಗೆ ಸುಖ, ಮಧ್ಯಾಹ್ನದ ಊಟಕ್ಕೆ ವಾಪಸ್ಸು. ಆದರೆ ಬೆಳಿಗ್ಗೆ ತಂತಿಯೂ ತಂಪಾಗಿ ಬಿಗಿದುಕೊಂಡಿರುತ್ತದೆ. ಬಿಸಿಲೇರಿ, ಊರಿನ ಫ್ಯಾನು ಏಸಿಗಳೆಲ್ಲ ಓಡತೊಡಗಿದ ಮೇಲೆ ಅದು ಕಾದು, ಹಿಗ್ಗಿ, ಜೋತುಬೀಳುತ್ತದೆ. ಗಾಳಿ ಬೀಸಿದರೆ ತೂಗಾಡುತ್ತದೆ ಕೂಡ. ಬೆಂಕಿ ಹತ್ತುವುದಾದರೆ ಅದೇ ಹೊತ್ತಿನಲ್ಲಿ.

ಹಾಗಾಗಿ ಮಧ್ಯಾಹ್ನವೇ ಹೊರಡೋಣ ಎಂದೆ. ಲೈನ್ ಮೇಸ್ತ್ರಿ ನೆತ್ತಿಗೆ ಒದ್ದೆ ಟವೆಲ್ ಹಾಕಿಕೊಂಡು, “ಮೇಡಂ, ಈ ಬಿಸಿಲಲ್ಲಿ ಹಾವೂ ಹೊರಗೆ ಬರಲ್ಲ, ನಾವು ಹೊರಟಿದೀವಿ” ಎಂದು ಗೊಣಗುತ್ತಲೇ ಬಂದ. ಎರಡು ಗೋಪುರಗಳ ನಡುವಿನ ಕಮರಿಯಲ್ಲಿ ನಿಂತು ಅಳೆದಾಗ ಅವನ ಗೊಣಗಾಟ ನಿಂತುಹೋಯಿತು. ಬೆಳಿಗ್ಗೆ ಆಳೆತ್ತರಕ್ಕಿಂತ ಹೆಚ್ಚಿರುವ ಅಂತರ ಆಗ ಮೊಳದಷ್ಟೂ ಇರಲಿಲ್ಲ. ಕೆಳಗೆ ಒಣಹುಲ್ಲು ಹಪ್ಪಳದ ಹಾಗೆ ಮುರಿಯುತ್ತಿತ್ತು. “ಮೇಡಂ, ಮೊದ್ಲು ಇಲ್ಲಿಂದ ಆಚೆ ಬನ್ನಿ” ಎಂದ.

ಕಮರಿಯ ಪೊದೆ ಕಡಿಯಲು ಯಂತ್ರ ಇಳಿಯುವುದಿಲ್ಲ. ಆಳುಗಳೇ ಕಡಿಯಬೇಕು, ವಾರಗಳೇ ಬೇಕು. ಅಲ್ಲಿಯವರೆಗೆ ಒಣಗಾಳಿ ಜೋರಾಗಿರುವ ದಿನ ಲೈನ್ ಆಫ್ ಮಾಡಲೇಬೇಕು ಎಂದು ಬರೆದುಕೊಟ್ಟೆ. ಒಮ್ಮೆ ಆಫ್ ಮಾಡಿದರೆ ಗಾಳಿ ನಿಂತ ಮೇಲೆ ಲೈನಿನ ಉದ್ದಕ್ಕೂ ನಡೆದು ನೋಡಿಯೇ ಮತ್ತೆ ಆನ್ ಮಾಡಬೇಕು. ಎಷ್ಟು ಹೊತ್ತಾಗುತ್ತದೋ ಹೇಳಲಾಗದು. ನಮ್ಮ ಸಾಹೇಬರು ಕನ್ನಡಕ ತೆಗೆದು, “ನಿಮ್ಮ ಬೀದಿನೂ ಅದೇ ಲೈನಲ್ಲಿದೆ ಕಣಮ್ಮ. ಮನೇಲಿ ಅತ್ತೆಯವರು ಬೇರೆ ಹಾಗಿದಾರೆ. ‘ಮಧ್ಯಮ ಅಪಾಯ’ ಅಂತ ಬರೆದ್ರೆ ಯಾರೂ ಕೇಳಲ್ಲ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಕಮರಿಯಿಂದ ಎದ್ದ ಬೆಂಕಿ ಮೊದಲು ಇಳಿದು ಬರುವುದು ನಮ್ಮ ಬೀದಿಗೇ. ‘ತೀವ್ರ’ ಎಂದು ಬರೆದದ್ದನ್ನು ಬದಲಿಸಲಿಲ್ಲ. ಅವರು ಸಹಿ ಹಾಕಿದರು.

ಅತ್ತೆಗೆ ಎಲ್ಲ ವಿವರಿಸಿದೆ. “ಮನೆಗೆ ಬೆಳಕು ತರೋ ಸೊಸೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ಕರೆಂಟು ತೆಗೆಯೋಳು ಸಿಕ್ಳಲ್ಲ!” ಎಂದರು. ನಿಮ್ಮ ತಂಗಿಯ ಮನೆಗೆ ಬೇರೆ ಲೈನಿದೆ. ಅತ್ತೆಗೆಂದು ಕೋಣೆ ಖಾಲಿ ಮಾಡಿಸಿಟ್ಟಿದ್ದಾಳೆ. ಅದಕ್ಕೆ ಅತ್ತೆಯ ಉತ್ತರ: “ಅಳಿಯನ ಗೊರಕೆ ಕೇಳ್ತಾ ಮಲಗೋದಕ್ಕಿಂತ ಇಲ್ಲೇ ಉಸಿರು ಕಟ್ಟಿದ್ರೂ ವಾಸಿ.” ಆಮ್ಲಜನಕದ ಸಿಲಿಂಡರ್ ತರಿಸಿಟ್ಟಿದ್ದೇನೆ, ಆದರೆ ಮಧ್ಯಾಹ್ನ ಕರೆಂಟು ಹೋದರೆ ಅದು ಸಂಜೆಯವರೆಗೆ ಬಾಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣಿ. ಮಗಳು ನಿಮಗೆ ಒಂದು ಮುತ್ತು ಕಳಿಸಿದ್ದಾಳೆ. ನನ್ನದನ್ನೂ ಅದರ ಜೊತೆಗೇ ಕಟ್ಟಿದ್ದೇನೆ.

ನಿಮ್ಮವಳು

ಮರೆಯುವ ಮುಂಚೆ: ಈಗಷ್ಟೇ ಹವಾಮಾನದವರ ಸೂಚನೆ ಬಂತು, ಸೋಮವಾರ ಮಧ್ಯಾಹ್ನ ಜೋರು ಗಾಳಿ. ಅತ್ತೆ ಎದುರುಮನೆಯಾಕೆಗೆ, “ನಾನಿಲ್ಲಿ ಕೂತಿರೋವರೆಗೂ ಅವಳು ಹೇಗೆ ಆಫ್ ಮಾಡಿಸ್ತಾಳೋ ನೋಡ್ತೀನಿ” ಎಂದರಂತೆ. ಆ ದಿನ ಕಂಟ್ರೋಲ್ ರೂಮಿಗೆ ‘ಆಫ್ ಮಾಡಿ’ ಎಂದು ಹೇಳಬೇಕಾದವಳು ನಾನೇ. ಹೇಳುತ್ತೇನೆ. ನಾನು ಹೀಗೆಂದರೆ ಹೆದರಿಸುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಬಂದರಿನಿಂದ ಮೊದಲ ಫೋನು ನನಗೆ ಬೇಡ, ಅವರಿಗೆ ಮಾಡಿ. ‘ಅವಳು ಆಫ್ ಮಾಡಿಸೇ ಮಾಡಿಸ್ತಾಳಮ್ಮ, ಏಳು, ತಂಗಿ ಮನೆಗೆ ಹೊರಡು’ ಅನ್ನಿ.